ಕಿಟಕಿಗೆ ಕಟ್ಟಿದ ಕಾರ್ಡು

ಬಟಾಣಿ ಹುಟ್ಟಿದ ಮೇಲೆ ನನ್ನ ಮೈಮೇಲಿನ ಕೆಂಪು ಮತ್ತೆ ಬಂತು. ಸೋರಿಯಾಸಿಸ್ ನನಗೆ ಮದುವೆಗೂ ಮುಂಚಿನದು. ಬಸುರಿಯಾಗಿದ್ದಷ್ಟು ಕಾಲ ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಮಾಯವಾಗಿತ್ತು. ಹೆರಿಗೆಯಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ, ಖಾಲಿ ಮಾಡಿ ಹೋಗಿದ್ದ ಬಾಡಿಗೆದಾರ ಸಾಮಾನು ಸಮೇತ ವಾಪಸು ಬಂದ ಹಾಗೆ, ಎರಡೂ ಮೊಣಕೈ, ಎಡಗೈಯ ಹಿಂಬದಿ, ಮೊಣಕಾಲಿನ ಕೆಳಗೆ, ಎಲ್ಲ ಹಳೆಯ ಜಾಗಗಳಲ್ಲೂ ಬಂದು ಕೂತಿತು. ಕೆಂಪಗೆ, ದಪ್ಪಗೆ, ಮೇಲೊಂದು ಪದರ ಬಿಳಿ ಹೊಟ್ಟು.

ಬಟಾಣಿ ಎಂದರೆ ನನ್ನ ಮಗಳು. ಹುಟ್ಟಿದಾಗ ತೂಕ ಕಡಿಮೆ ಇತ್ತು. ಬಸ್ ಓಡಿಸುವ ಕೆಲಸದಿಂದ ನೇರವಾಗಿ ಹೆರಿಗೆ ಕೋಣೆಗೆ ಓಡಿಬಂದ ನನ್ನ ಗಂಡ ಬಟ್ಟೆಯ ಸುರುಳಿಯೊಳಗೆ ಇಣುಕಿ, "ಇದೇನಮ್ಮ ಇದು, ಬಟಾಣಿ ಕಾಳು!" ಎಂದಿದ್ದರು. "ಬಾಯಿ ಮುಚ್ಚೋ. ನೀನು ಹುಟ್ಟಿದಾಗ ಸಾಸಿವೆ ಕಾಳಿನಷ್ಟಿದ್ದೆ" ಎಂದು ಅತ್ತೆ ಗದರಿದ್ದರು. ಹೆಸರು ಅಲ್ಲಿಗೇ ಅಂಟಿಕೊಂಡಿತು.

ಹಾಲು ಕುಡಿಯುವಾಗ ಬಟಾಣಿಗೆ ಒಂದು ಅಭ್ಯಾಸವಿತ್ತು. ಒಂದು ಕೈ ನನ್ನ ಮೊಣಕೈಗೆ ಹಾಕಿ, ಅಲ್ಲಿನ ಒರಟು ಜಾಗವನ್ನು ಬೆರಳ ತುದಿಯಿಂದ ಸವರುತ್ತಾ ಕುಡಿಯುತ್ತಿದ್ದಳು. ಬಸ್ಸಿನಲ್ಲಿ ಪಕ್ಕ ಕೂತವರು ನನ್ನ ಕೈ ಕಂಡು ಸೆರಗನ್ನೋ ಮಗುವನ್ನೋ ತಮ್ಮ ಕಡೆಗೆ ಎಳೆದುಕೊಳ್ಳುವುದು ನನಗೆ ರೂಢಿಯಾಗಿತ್ತು. ನನ್ನ ಗಂಡ ಆ ಜಾಗವನ್ನು ಮುಟ್ಟುತ್ತಿದ್ದರು. ಆದರೆ ತಾನು ಮುಟ್ಟುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು, ನನಗೂ ಗೊತ್ತಾಗುತ್ತಿತ್ತು. ಏನೂ ಗೊತ್ತಿಲ್ಲದೆ ಮುಟ್ಟಿದವಳು ಬಟಾಣಿ ಒಬ್ಬಳೇ. ದಿನದಲ್ಲಿ ಅಷ್ಟು ಹೊತ್ತು ನನ್ನ ಮೈಗೆ ಯಾವ ಕಾಯಿಲೆಯೂ ಇರುತ್ತಿರಲಿಲ್ಲ.

ಚರ್ಮದ ಡಾಕ್ಟರಮ್ಮ ಇದ್ದದ್ದು ದೊಡ್ಡಾಸ್ಪತ್ರೆಯಲ್ಲಿ, ಎರಡು ಬಸ್ ಬದಲಿಸಿ ಹೋಗಬೇಕು. ಮೊದಲ ಸಲ ಅತ್ತೆಯೂ ಜೊತೆಗೆ ಬಂದಿದ್ದರು. ಡಾಕ್ಟರಮ್ಮ ನನ್ನ ಮೊಣಕೈಯನ್ನು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ಇನ್ನು ಮುಂದೆ ಇದರ ಫೋಟೋ ತೆಗೆದು ಕಂಪ್ಯೂಟರಿನಿಂದ ಅಳೆಯುತ್ತೇವೆ ಎಂದರು.

ಅತ್ತೆಗೆ ನಗು ಬಂತು. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಡಾಕ್ಟರಮ್ಮ? ಎದುರಿಗೇ ಕೂತಿದ್ದಾಳಲ್ಲ!"

"ಬೇಕು ಅಜ್ಜಿ," ಎಂದು ಡಾಕ್ಟರಮ್ಮನೂ ನಕ್ಕರು. "ಇದನ್ನ ನಾನು ನೋಡಿ 'ಜಾಸ್ತಿ' ಅಂತ ಬರೀತೀನಿ. ಪಕ್ಕದ ಕೋಣೆ ಡಾಕ್ಟರು ಇದನ್ನೇ ನೋಡಿ 'ಪರವಾಗಿಲ್ಲ' ಅಂತ ಬರೀತಾರೆ. ಹೋಗಲಿ, ನನಗೇ ಬೆಳಿಗ್ಗೆ ಕಂಡ ಹಾಗೆ ಸಂಜೆ ಕಾಣಲ್ಲ. ಟ್ಯೂಬ್‌ಲೈಟ್ ಕೆಳಗೆ ಒಂಥರ, ಹೊರಗೆ ಒಂಥರ. ಹೋದ ತಿಂಗಳಿಗಿಂತ ಕೆಂಪು ಇಳಿದಿದೆಯಾ ಏರಿದೆಯಾ ಅಂತ ನೆನಪಿನ ಮೇಲೆ ಹೇಳಿದರೆ, ಅದು ಪಾಪ ರೋಗಿ ಮೈಮೇಲೆ ತಾನೇ ಬರೋದು? ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ದೊಡ್ಡೋರೇ ಹೇಳಿಲ್ವಾ?"

ಗಾದೆಗೆ ಗಾದೆ ಬಂದದ್ದರಿಂದ ಅತ್ತೆ ಸುಮ್ಮನಾದರು. ಡಾಕ್ಟರಮ್ಮನ ಮೇಲೆ ಅವರಿಗೆ ಗೌರವ ಹುಟ್ಟಿದ್ದು ಅಲ್ಲೇ.

ಆಸ್ಪತ್ರೆಯಲ್ಲಿ ಫೋಟೋ ತೆಗೆಯಲೆಂದೇ ಒಬ್ಬಾಕೆ ಇದ್ದರು. ಅವರು ನನಗೊಂದು ಕಾರ್ಡು ಕೊಟ್ಟರು. ಇಸ್ಪೀಟಿನ ಎಲೆಗಿಂತ ತುಸು ದೊಡ್ಡದು. ಅದರ ತುಂಬ ಪುಟ್ಟ ಪುಟ್ಟ ಬಣ್ಣದ ಚೌಕಗಳು: ಕೆಂಪು, ನೀಲಿ, ಹಸಿರು, ಹಳದಿ, ಬಿಳಿಯಿಂದ ಕಪ್ಪಿನವರೆಗೆ ಬೂದುಬಣ್ಣದ ಮೆಟ್ಟಿಲು, ಬೇರೆ ಬೇರೆ ಮೈಬಣ್ಣಗಳು. ಒಂದು ಮೂಲೆಯಲ್ಲಿ ತೂತು. ಕಾರ್ಡನ್ನು ಮೊಣಕೈ ಪಕ್ಕ ಹಿಡಿದು ಫೋನಿನಲ್ಲಿ ಫೋಟೋ ತೆಗೆದು ಕಳಿಸಿದರೆ ಸಾಕು. ಕಾರ್ಡಿನ ಕೆಂಪು ನಿಜವಾಗಿ ಎಷ್ಟು ಕೆಂಪು ಎಂದು ಕಂಪ್ಯೂಟರಿಗೆ ಗೊತ್ತು. ಫೋಟೋದಲ್ಲಿ ಅದು ಬೇರೆ ಥರ ಕಂಡರೆ, ಬೆಳಕು ಮೋಸ ಮಾಡಿದೆ ಎಂದು ತಿಳಿದು ಇಡೀ ಫೋಟೋವನ್ನು ಸರಿಮಾಡಿಕೊಳ್ಳುತ್ತದೆ. ಆಮೇಲೆ ನನ್ನ ಕೆಂಪು ಮಚ್ಚೆಯನ್ನೂ ಪಕ್ಕದ ಒಳ್ಳೆಯ ಚರ್ಮವನ್ನೂ ಹೋಲಿಸಿ ಒಂದು ಅಂಕಿ ಕೊಡುತ್ತದೆ.

"ಕೊಳೆ ಮಾಡ್ಕೋಬೇಡಿ. ಬೆರಳು ತಾಗಿಸ್ಬೇಡಿ, ಅಂಚು ಹಿಡ್ಕೊಳ್ಳಿ. ಮನೆ ಲೈಟು ಬೇಡ, ಕಿಟಕಿ ಪಕ್ಕ ನಿಂತು ತೆಗೀರಿ," ಎಂದು ಆಕೆ ಕಾರ್ಡನ್ನು ಮೆತ್ತನೆಯ ಕಪ್ಪು ಚೀಲದೊಳಗೆ ಹಾಕಿ ಕೈಗಿಟ್ಟರು.

ಹೊರಡುವಾಗ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. "ಹಾಲೂಡಿಸ್ತಿದ್ದೀರಲ್ಲ, ಅದಕ್ಕೇ ಮುಲಾಮಷ್ಟೇ ಕೊಡ್ತಿದ್ದೀನಿ. ಅಂಕಿ ಮೂವತ್ತು ದಾಟಿದರೆ ಮುಲಾಮಿನಿಂದ ಆಗಲ್ಲ. ವಾರಕ್ಕೆ ಮೂರು ಸಲ ಇಲ್ಲಿಗೆ ಬಂದು ಲೈಟಿನ ಚಿಕಿತ್ಸೆ ತಗೋಬೇಕು, ಅದಾಗದಿದ್ದರೆ ಮಾತ್ರೆ. ಮಾತ್ರೆ ಶುರು ಮಾಡಿದರೆ ಮಗುಗೆ ಹಾಲು ಕೊಡೋ ಹಾಗಿಲ್ಲ, ಒಂದು ತೊಟ್ಟೂ."

ವಾರಕ್ಕೆ ಮೂರು ಸಲ ಎರಡೆರಡು ಬಸ್ಸು, ಕೈಯಲ್ಲಿ ಎಳೆಮಗು. ಅದು ಆಗದ ಮಾತು ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಬಸ್ಸಿನಲ್ಲಿ ಬರುವಾಗ ಸೆರಗಿನ ಮರೆಯಲ್ಲಿ ಬಟಾಣಿ ಕುಡಿಯುತ್ತಿದ್ದಳು. ನನ್ನ ತಲೆಯಲ್ಲಿ ಮೂವತ್ತು ಎಂಬ ಅಂಕಿ ಕೂತಿತ್ತು.

ಕಾರ್ಡು ಮನೆಗೆ ಬಂದ ದಿನ ನನ್ನ ಗಂಡ ಅದನ್ನು ಗೋಡೆಗೆ ಹಿಡಿದು ನೋಡಿದರು. "ಏನಮ್ಮ, ಪೇಂಟ್ ಅಂಗಡಿಯವರು ಬಂದಿದ್ರಾ? ಅಡುಗೆಮನೆಗೆ ಈ ಹಸಿರು ಹೊಡೆಸೋಣ. ಕೆಂಪು ಮಾತ್ರ ಬೇಡ. ದಿನವಿಡೀ ಸಿಗ್ನಲ್ಲಲ್ಲಿ ಅದನ್ನೇ ನೋಡಿ ಸಾಕಾಗಿದೆ."

"ನಿನ್ನ ಕೈಗೆ ಸಿಕ್ಕಿದ್ದು ಉಳಿಯೋದುಂಟಾ? ಕೊಡೋ ಇಲ್ಲಿ," ಎಂದು ಅತ್ತೆ ಕಿತ್ತುಕೊಂಡರು.

ಎರಡನೆಯ ಫೋಟೋ ತೆಗೆಯುವಾಗ ಬಟಾಣಿ ಕಾರ್ಡಿಗೆ ಕೈಹಾಕಿದಳು. ಅಷ್ಟು ಬಣ್ಣ ಕಂಡ ಮೇಲೆ ಬಿಡುತ್ತಾಳೆಯೇ? ಮೂಲೆ ಬಾಯಿಗೆ ಹೋಗುವಷ್ಟರಲ್ಲಿ ಅತ್ತೆ ಓಡಿಬಂದು ಬಿಡಿಸಿದರು. ಆಮೇಲೆ ತಮ್ಮ ಹೊಲಿಗೆ ಮೆಷಿನ್ನಿನಿಂದ ಒಂದೆಳೆ ಗಟ್ಟಿ ದಾರ ತಂದು, ಕಾರ್ಡಿನ ತೂತಿಗೆ ಪೋಣಿಸಿ, ಅಡುಗೆಮನೆ ಕಿಟಕಿಯ ಮೇಲಿನ ಸರಳಿಗೆ ಕಟ್ಟಿದರು.

"ಇಲ್ಲೇ ಇರಲಿ. ಕೈಗೆ ಸಿಗುತ್ತೆ, ಬಾಯಿಗೆ ಸಿಗಲ್ಲ. ಫೋಟೋನೂ ಇಲ್ಲೇ ತಾನೇ ತೆಗೆಯೋದು?"

ಎಷ್ಟು ಚೆನ್ನಾಗಿ ಯೋಚಿಸಿದರು ಎಂದುಕೊಂಡೆ. ಕಪ್ಪು ಚೀಲ ಖಾಲಿ ಉಳಿಯಿತು. ಅತ್ತೆಯ ಕನ್ನಡಕದ ಡಬ್ಬಿ ಮುರಿದು ಬಹಳ ದಿನವಾಗಿತ್ತು. ಚೀಲಕ್ಕೆ ಕನ್ನಡಕ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಅಳತೆ, ಬಣ್ಣ, ಎರಡೂ ಅತ್ತೆಯ ಬದುಕು. ಮುಂದಿನ ಕೋಣೆಯಲ್ಲಿ ಅವರ ಮೆಷಿನ್ನಿದೆ, ನನ್ನ ಗಂಡ ಹುಟ್ಟುವ ಮೊದಲಿನಿಂದಲೂ ಅವರು ಅದನ್ನು ತುಳಿಯುತ್ತಿದ್ದಾರೆ. ದಾರದ ಉಂಡೆಗಳನ್ನೆಲ್ಲ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತಾರೆ. ನಾನು ಆ ಮನೆಗೆ ಬಂದ ಹೊಸದರಲ್ಲಿ, ಗಿರಾಕಿಯ ನೀಲಿ ಬಟ್ಟೆಯೊಂದನ್ನು ನೀರಿಗದ್ದಿ ಮಹಡಿಯ ಮೇಲೆ ಒಣಹಾಕಿದ್ದೆ. ಅತ್ತೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಿದ್ದರು. "ಹೊಲಿಯೋ ಬಟ್ಟೆನಾ ಬಿಸಿಲಿಗೆ ಹಾಕ್ತಾರೇನೇ, ಪುಣ್ಯಾತ್ಗಿತ್ತಿ? ಬಿಸಿಲಿಗಿಂತ ದೊಡ್ಡ ಕಳ್ಳ ಇಲ್ಲ ಕಣೇ. ತೋಳು ಒಂದು ಬಣ್ಣ, ಬೆನ್ನು ಒಂದು ಬಣ್ಣ ಮಾಡಿ ಇಡುತ್ತೆ, ಆಮೇಲೆ ಗಿರಾಕಿ ನನ್ನ ಮುಖದ ಬಣ್ಣ ತೆಗೀತಾಳೆ!" ಅಂದಿನಿಂದ ನಾನು ಒಗೆದ ಒಂದೊಂದು ಕರವಸ್ತ್ರವನ್ನೂ ನೆರಳಿನಲ್ಲೇ ಒಣಗಿಸಿದ್ದೇನೆ.

ಅಡುಗೆಮನೆಯ ಕಿಟಕಿ ಪೂರ್ವಕ್ಕಿದೆ. ಬೆಳಿಗ್ಗೆ ಪಾತ್ರೆ ತೊಳೆಯುವಾಗ ಬಿಸಿಲು ನೇರ ಬಂದು ಕಾರ್ಡಿನ ಮೇಲೆ ಬೀಳುತ್ತಿತ್ತು. ಗಾಳಿಗೆ ಅದು ತಿರುಗಿದಾಗ ಬಟಾಣಿ ನೆಲದ ಮೇಲೆ ಮಲಗಿಕೊಂಡು ಕೈಕಾಲು ಬಡಿದು ನಗುತ್ತಿದ್ದಳು. ಅದು ಬಣ್ಣ ಹಾಕಿದ ಕಾಗದ ಎಂದು ನನಗಾಗಲಿ ಅತ್ತೆಗಾಗಲಿ ಒಮ್ಮೆಯೂ ಅನ್ನಿಸಲಿಲ್ಲ. ನಮ್ಮ ಕಣ್ಣಿಗೆ ಅದು ಆಸ್ಪತ್ರೆಯ ಸಾಮಾನು, ಮುಲಾಮಿನ ಡಬ್ಬಿಯ ಹಾಗೆ, ಜ್ವರ ನೋಡುವ ಕಡ್ಡಿಯ ಹಾಗೆ.

ಅಂಕಿ ಮೊದಲು ಇಪ್ಪತ್ತನಾಲ್ಕು ಇತ್ತು. ಆಮೇಲೆ ತುಸು ಇಳಿಯಿತು. ಫೋನಿಗೆ ಅಂಕಿ ಬಂದ ಕೂಡಲೇ ನಾನು ಓದಿ ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಪಾಸಾದ ಹಾಗೆ ಅತ್ತೆ ಬಟಾಣಿಯ ಗಲ್ಲ ಹಿಡಿದು, "ಕುಡಿ, ಕುಡಿ, ನಿನ್ನ ಅನ್ನಕ್ಕೇನೂ ಮೋಸ ಇಲ್ಲ" ಎನ್ನುತ್ತಿದ್ದರು. ಮುಲಾಮು ಹಚ್ಚಿ ಹಚ್ಚಿ ಹೊಟ್ಟು ಉದುರುವುದು ಕಡಿಮೆಯಾಗಿತ್ತು. ಕೆರೆತವೂ ಇಳಿದಿತ್ತು.

ಆಮೇಲೆ ಅಂಕಿ ಏರತೊಡಗಿತು. ಒಂದೇ ಏಟಿಗಲ್ಲ, ಮೆಟ್ಟಿಲು ಹತ್ತುವ ಮುದುಕಿಯ ಹಾಗೆ ಒಂದೊಂದಾಗಿ. ಇಪ್ಪತ್ತಾರು ಆದಾಗ ನಾನು ಮುಲಾಮು ಇನ್ನೂ ದಪ್ಪಗೆ ಹಚ್ಚಿದೆ. ಇಪ್ಪತ್ತೆಂಟಾದಾಗ ಅತ್ತೆ ಪಾತ್ರೆ ತೊಳೆಯಲು ಬಿಡಲಿಲ್ಲ, ಸೋಪು ಮುಟ್ಟಿಸಲಿಲ್ಲ. ಮೊಣಕೈಯನ್ನು ನಾನೇ ನೋಡಿಕೊಂಡರೆ ಅಷ್ಟೇನೂ ಕೆಂಪಿಲ್ಲ ಎನ್ನಿಸುತ್ತಿತ್ತು. ಆದರೆ ನನ್ನ ಆಸೆಯೇ ನನ್ನ ಕಣ್ಣನ್ನು ಕುರುಡು ಮಾಡಿರಬಹುದು ಎಂದುಕೊಂಡೆ. ಬಟಾಣಿಗೆ ಏಳು ತಿಂಗಳು ತುಂಬಿದ ವಾರ ಅಂಕಿ ಮೂವತ್ತೊಂದು ಬಂತು.

ಡಾಕ್ಟರಮ್ಮ ಕರೆಸಿದರು. ಫೋಟೋದಾಕೆ ಅಂದು ರಜೆಯಲ್ಲಿದ್ದರು. ಡಾಕ್ಟರಮ್ಮ ನನ್ನ ಕೈ ಹಿಡಿದು ಬಹಳ ಹೊತ್ತು ನೋಡಿದರು, ತಲೆ ಒಂದು ಕಡೆ ವಾಲಿಸಿ.

"ಕಣ್ಣಿಗೆ ಅಷ್ಟಿಲ್ಲ ಅನ್ಸುತ್ತೆ," ಎಂದರು ತಮ್ಮಷ್ಟಕ್ಕೇ. ಆಮೇಲೆ ಕಂಪ್ಯೂಟರಿನ ಪರದೆಯಲ್ಲಿ ಏರುತ್ತಾ ಹೋಗಿದ್ದ ಗೆರೆಯನ್ನು ನೋಡಿದರು. "ಆದರೆ ನನ್ನ ಕಣ್ಣನ್ನ ನಂಬಬಾರದು ಅಂತಾನೇ ಅಲ್ವಾ ಇದನ್ನ ಮಾಡಿದ್ದು."

"ಕೆರೆತ ಕಡಿಮೆ ಇದೆ ಡಾಕ್ಟರೇ," ಎಂದೆ.

"ಒಳ್ಳೇದೇ. ಆದರೆ ಕೆಂಪು ಹೀಗೆ ಏರ್ತಾ ಹೋದರೆ ಕೆರೆತ ಹಿಂದೆಯೇ ಬರುತ್ತೆ. ಕೆಲವರಿಗೆ ಕೀಲಿಗೂ ಇಳಿಯುತ್ತೆ. ಮಗು ಎತ್ತೋ ಕೈ ಇದು, ನೋಡಿ." ಅವರು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿದರು. ಅವರ ಕೈ ಬೆಚ್ಚಗಿತ್ತು. "ಏಳು ತಿಂಗಳು ಕುಡಿಸಿದ್ದೀರಿ, ಕಡಿಮೆ ಏನಲ್ಲ. ಈಗ ನಿಮ್ಮನ್ನ ನೋಡ್ಕೊಳ್ಳಿ."

ಹಾಲು ಬಿಡಿಸುವ ಕೆಲಸವನ್ನು ಅತ್ತೆ ವಹಿಸಿಕೊಂಡರು. "ನೀನು ಎದುರಿಗೆ ಇರಬೇಡ. ಎದುರಿಗಿದ್ದರೆ ಅವಳೂ ಬಿಡಲ್ಲ, ನೀನೂ ಬಿಡಲ್ಲ," ಎಂದು ನನ್ನನ್ನು ಮುಂದಿನ ಕೋಣೆಗೆ ಕಳಿಸಿ ನಡುವಿನ ಬಾಗಿಲು ಹಾಕಿದರು. ನಾನು ಗಂಡನ ದಪ್ಪ ಅಂಗಿ ತೊಟ್ಟು ಕತ್ತಿನವರೆಗೂ ಗುಂಡಿ ಹಾಕಿಕೊಂಡಿದ್ದೆ. ಒಳಗೆ ಬಟಾಣಿ ಅಳತೊಡಗಿದಳು. ಮೊದಲು ಕೋಪದ ಅಳು, ಆಮೇಲೆ ಕರೆಯುವ ಅಳು, ಕೊನೆಗೆ ಯಾರನ್ನೂ ಕರೆಯದ ಅಳು. ಅಂಗಿಯ ಮುಂಭಾಗ ಒದ್ದೆಯಾಯಿತು.

ಅತ್ತೆ ಬಾಗಿಲಿನ ಸಂದಿಯಿಂದ ಕೂಗಿ ಹೇಳಿದರು: "ಕೇಳಿಸ್ಕೊಂಡು ಕೂತ್ಕೋಬೇಡ! ದಾರ ತೆಗೆದು ಮೆಷಿನ್ ತುಳಿ. ಸದ್ದಿಗೆ ಏನೂ ಕೇಳಲ್ಲ."

ಸೂಜಿಯಿಂದ ದಾರ ಬಿಡಿಸಿದೆ. ಬಟ್ಟೆಯಿಲ್ಲದೆ ತುಳಿದೆ. ಬಟ್ಟೆ ಇದ್ದಾಗ ಮೆಷಿನ್ನಿನ ಸದ್ದಿಗೆ ಒಂದು ತೂಕವಿರುತ್ತದೆ, ಬಟ್ಟೆ ಇಲ್ಲದಿದ್ದರೆ ಅದು ಒಣಗಿದ ಕಾಯಿಯೊಳಗೆ ಬೀಜ ಅಲ್ಲಾಡಿದ ಹಾಗೆ ಗಲಗಲ ಎನ್ನುತ್ತದೆ. ಆ ವಾರವೆಲ್ಲ ನಾನು ಆ ಸದ್ದಿನೊಳಗೆ ಇದ್ದೆ. ಎದೆ ಕಲ್ಲಿನಂತಾದಾಗ ಬಚ್ಚಲಿಗೆ ಹೋಗಿ ಹಿಂಡಿ ಚೆಲ್ಲುತ್ತಿದ್ದೆ. ಬಿಳಿ ನೀರು ಜಾಲರಿಯ ಸುತ್ತ ಒಂದು ಸುತ್ತು ತಿರುಗಿ ಇಳಿದು ಹೋಗುತ್ತಿತ್ತು. ಕ್ರಮೇಣ ಹಿಂಡುವುದಕ್ಕೂ ಏನೂ ಉಳಿಯಲಿಲ್ಲ.

ಬಟಾಣಿ ಲೋಟ ಕಲಿತಳು. ಅಜ್ಜಿಯ ಹೆಗಲ ಮೇಲೆ ನಿದ್ದೆ ಮಾಡುವುದನ್ನು ಕಲಿತಳು. ಅಜ್ಜಿಯ ಪಕ್ಕ ಮಲಗಿ ಅಜ್ಜಿಯ ಕಿವಿಯ ತುದಿಯನ್ನು ಸವರುವುದನ್ನು ಕಲಿತಳು. ನಾನು ಎತ್ತಿಕೊಂಡರೆ ಅಳುತ್ತಿರಲಿಲ್ಲ. ಆದರೆ ಅಜ್ಜಿ ಕೋಣೆಯೊಳಗೆ ಬಂದ ಕೂಡಲೇ ಎರಡೂ ಕೈ ಅತ್ತ ಚಾಚುತ್ತಿದ್ದಳು. "ಅಯ್ಯೋ ಕಳ್ಳಿ, ಅಮ್ಮ ಇಲ್ವೇನೇ ಅಲ್ಲಿ?" ಎನ್ನುತ್ತಲೇ ಅತ್ತೆ ಎತ್ತಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಬಯ್ಗುಳವೂ ಇರುತ್ತಿತ್ತು, ಬೆಳಕೂ ಇರುತ್ತಿತ್ತು. ಹೊಟ್ಟೆಕಿಚ್ಚು ಪಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಮಾತ್ರೆ ನುಂಗಿದ ದಿನ ತಲೆ ಎತ್ತಲಾಗದಷ್ಟು ವಾಕರಿಕೆ ಬರುತ್ತಿತ್ತು. ಆಗ ಮಗುವನ್ನು ನೋಡಿಕೊಂಡವರು ಅವರೇ.

ಮಾತ್ರೆ ಶುರುವಾಗಿ ನಾಲ್ಕನೆಯ ತಿಂಗಳು ನಡೆಯುತ್ತಿದ್ದಾಗ ಮತ್ತೆ ಆಸ್ಪತ್ರೆಗೆ ಹೋದೆವು. ಬಟಾಣಿ ಅಜ್ಜಿಯನ್ನು ಬಿಟ್ಟು ಇರುವುದಿಲ್ಲವೆಂದು ಮೂವರೂ ಹೊರಟೆವು. ಡಾಕ್ಟರಮ್ಮ ನನ್ನ ತೋಳು ಮೇಲೇರಿಸಿ ನೋಡಿದರು. ಮೊಣಕೈ ಬೆಳ್ಳಗೆ, ನುಣ್ಣಗೆ ಇತ್ತು. ಮಚ್ಚೆಯಿದ್ದ ಜಾಗದಲ್ಲಿ ಮಾಸಲು ನೆರಳು, ಅಷ್ಟೇ.

"ಇಷ್ಟು ಚೆನ್ನಾಗಿದೆ, ಮನೆಯಿಂದ ಬರೋ ಅಂಕಿ ಅಷ್ಟು ಇಳಿದೇ ಇಲ್ವಲ್ಲ?" ಎಂದು ಫೋಟೋದಾಕೆಯನ್ನು ಕರೆದರು. ಆಕೆ ತಮ್ಮ ಕಾರ್ಡು ಇಟ್ಟು, ತಮ್ಮ ಕ್ಯಾಮೆರಾದಲ್ಲಿ ಫೋಟೋ ತೆಗೆದರು. ಅಂಕಿ ಆರು ಬಂತು. ಹಿಂದಿನ ದಿನ ನಾನು ಮನೆಯಿಂದ ಕಳಿಸಿದ್ದಕ್ಕೆ ಹತ್ತೊಂಬತ್ತು ಬಂದಿತ್ತು.

"ನಿಮ್ಮ ಕಾರ್ಡು ತಂದಿದ್ದೀರಾ?" ಎಂದು ಕೇಳಿದರು ಡಾಕ್ಟರಮ್ಮ.

ದಾರದಿಂದ ಕಳಚಿ ತಂದಿದ್ದೆ. ಅದನ್ನು ತೆಗೆದುಕೊಂಡು ಆಸ್ಪತ್ರೆಯ ಹೊಸ ಕಾರ್ಡಿನ ಪಕ್ಕ ಮೇಜಿನ ಮೇಲಿಟ್ಟರು. ಅವರ ಕಾರ್ಡಿನ ಕೆಂಪು ಕೆಂಪಾಗಿತ್ತು. ನಮ್ಮದರ ಕೆಂಪು ನೂರು ಸಲ ಒಗೆದ ಅಂಗಿಯ ಹಾಗೆ ಸತ್ತುಹೋಗಿತ್ತು. ದಿನಾ ಕಣ್ಣೆದುರಿಗೇ ಇದ್ದದ್ದರಿಂದ ಅದು ಸಾಯುತ್ತಿರುವುದು ನಮಗೆ ಕಂಡಿರಲಿಲ್ಲ.

"ಓಹ್," ಎಂದರು ಡಾಕ್ಟರಮ್ಮ. ಕುರ್ಚಿ ಎಳೆದು ಕೂತರು. "ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತಾರಲ್ಲ, ಹಾಗಾಗಿದೆ. ಈ ಕೆಂಪು ಮಾಸಿದೆ. ಕಂಪ್ಯೂಟರು ಕಾರ್ಡು ಮಾಸಿದೆ ಅಂತ ಅಂದ್ಕೊಳ್ಳಲ್ಲ, ಫೋಟೋನೇ ಮಾಸಲಾಗಿ ಬಂದಿದೆ ಅಂದ್ಕೊಳ್ಳುತ್ತೆ. ಅದಕ್ಕೆ ಫೋಟೋದ ಕೆಂಪನ್ನೆಲ್ಲ ಮೇಲಕ್ಕೆ ಎಳೆದಿದೆ. ಇವರ ಮೊಣಕೈ ಕೆಂಪನ್ನೂ." ಅವರ ದನಿ ತಗ್ಗಿತು. "ಕಾರ್ಡು ಎಲ್ಲಿಟ್ಟಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬಟಾಣಿಯನ್ನು ನನ್ನ ಮಡಿಲಿಗೆ ದಾಟಿಸಿ ಮೇಜಿನ ಹತ್ತಿರ ಬಂದರು. ಹತ್ತಿರದಿಂದ ನೋಡಲು ಕನ್ನಡಕ ಬೇಕಿತ್ತು. ಕೈಚೀಲದಿಂದ ಆ ಕಪ್ಪು ಚೀಲ ತೆಗೆದು, ಅದರೊಳಗಿಂದ ಕನ್ನಡಕ ತೆಗೆದು ಹಾಕಿಕೊಂಡರು. ಫೋಟೋದಾಕೆ ಆ ಚೀಲವನ್ನು ನೋಡಿದರು, ಆಮೇಲೆ ಬೇರೆ ಕಡೆ ನೋಡಿದರು.

ಅತ್ತೆ ಬಗ್ಗಿ ಎರಡು ಕೆಂಪುಗಳನ್ನೂ ನೋಡಿದರು. ಇಡೀ ಬದುಕು ದಾರಕ್ಕೆ ಬಟ್ಟೆ, ಬಟ್ಟೆಗೆ ದಾರ ಹೊಂದಿಸಿದ ಕಣ್ಣು ಅದು.

"ಬಿಸಿಲು ತಿಂದಿದೆ," ಎಂದರು. "ನಾನೇ ಕಟ್ಟಿದ್ದು. ಕಿಟಕಿಗೆ."

"ಬಿಸಿಲಿಗೆ ಇಡ್ಬೇಡಿ ಅಂತ ನಾನು ಹೇಳಲೇ ಇಲ್ಲ ಅಜ್ಜಿ," ಎಂದರು ಫೋಟೋದಾಕೆ ಗಡಿಬಿಡಿಯಲ್ಲಿ. "ಕೊಳೆ ಆಗಬಾರದು ಅಂದೆ, ಬೆರಳು ತಾಗಬಾರದು ಅಂದೆ. ಇದನ್ನೊಂದು ಹೇಳಲಿಲ್ಲ."

"ಅವತ್ತು ಇವರು ಬಂದಾಗ ನನ್ನ ಕಣ್ಣು ಸರಿಯಾಗೇ ಹೇಳಿತ್ತು," ಎಂದರು ಡಾಕ್ಟರಮ್ಮ. "ಇಲ್ಲೇ, ಇದೇ ಕುರ್ಚಿಯಲ್ಲಿ. ಇನ್ನೊಂದು ಸಲ ಅಳೆದು ನೋಡೋಣ ಅನ್ನಿಸಲಿಲ್ಲ ನನಗೆ. ಫೋಟೋ ತೆಗೆಯೋ ಇವರು ರಜೆ ಮುಗಿಸಿ ಬರೋವರೆಗೆ ಒಂದು ವಾರ ಕಾಯಬಹುದಿತ್ತು."

ತಪ್ಪನ್ನು ಮೂವರೂ ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಜನ ಮಕ್ಕಳನ್ನು ಎಳೆದುಕೊಳ್ಳುತ್ತಿದ್ದುದು ಯಾಕೋ ನೆನಪಾಯಿತು. ನನಗೆ ಕೇಳಬೇಕಾಗಿದ್ದದ್ದು ಒಂದೇ.

"ಮಾತ್ರೆ ಬೇಕಿತ್ತಾ ಡಾಕ್ಟರೇ?"

"ಮಾತ್ರೆಯಿಂದ ಒಳ್ಳೇದಾಗಿದೆ, ಅದು ಸುಳ್ಳಲ್ಲ. ಆದರೆ ಅದಕ್ಕೂ ಮುಂಚೆಯೇ ಮುಲಾಮಿಗೆ ಇಳೀತಾ ಇತ್ತು ಅನ್ಸುತ್ತೆ. ಕಾರ್ಡು ಯಾವಾಗ ಎಷ್ಟು ಮಾಸಿತ್ತು ಅಂತ ಈಗ ಹೇಳೋಕಾಗಲ್ಲ, ಹಾಗಾಗಿ ಖಂಡಿತ ಅಂತ ಹೇಳಲಾರೆ." ಆಮೇಲೆ ನನ್ನ ಮುಖ ನೋಡಿ, "ಬೇಕಿರಲಿಲ್ಲ ಅನ್ಸುತ್ತೆ," ಎಂದರು.

ಬಟಾಣಿ ನನ್ನ ಮಡಿಲಿನಿಂದ ಮೇಜಿನ ಕಡೆಗೆ ಬಾಗಿ ಹೊಸ ಕಾರ್ಡಿಗೆ ಕೈ ಚಾಚುತ್ತಿದ್ದಳು.

ಮಾತ್ರೆ ನಿಲ್ಲಿಸಿದರು. ಮೈಯಿಂದ ಅದು ಪೂರ್ತಿ ಹೋದ ಮೇಲೆ ತಾವೇ ತಿಳಿಸುವುದಾಗಿಯೂ, ಆಗ ಬೇಕಾದರೆ ಮಗುವನ್ನು ಎದೆಗೆ ಹಾಕಿ ನೋಡಬಹುದೆಂದೂ ಹೇಳಿದರು. ಕೆಲವರಿಗೆ ಹಾಲು ಮತ್ತೆ ಬರುತ್ತದಂತೆ. ಮಗು ಚೀಪಬೇಕು, ಅದೇ ಮುಖ್ಯವಂತೆ.

ಮನೆಗೆ ಬಂದು ಅತ್ತೆ ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಗೆ ಹೋಗಿ ಸರಳಿಗೆ ಇನ್ನೂ ನೇತಾಡುತ್ತಿದ್ದ ದಾರ ಬಿಚ್ಚಿದರು. ಗಂಟು ಬಿಗಿಯಾಗಿತ್ತು. ಅವರು ಹಾಕಿದ ಗಂಟು ಸಡಿಲವಾಗುವುದಿಲ್ಲ. ನಾನು ಕತ್ತರಿ ತಂದುಕೊಟ್ಟೆ. ತೆಗೆದುಕೊಳ್ಳಲಿಲ್ಲ, ಉಗುರಿನಿಂದಲೇ ಬಿಡಿಸಿದರು.

"ದಾರದ ಉಂಡೆ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕೋಳು ನಾನು," ಎಂದರು ಕಿಟಕಿಗೆ ಮುಖ ಮಾಡಿಕೊಂಡೇ. "ನಿನಗೆ ಬೈದೋಳು ನಾನು."

"ನನಗೂ ಗೊತ್ತಿತ್ತಲ್ಲ ಅತ್ತೆ. ನೀವೇ ಹೇಳ್ಕೊಟ್ಟಿದ್ದು. ನನಗೂ ಹೊಳೀಲಿಲ್ಲ."

ಅದು ಸಮಾಧಾನದ ಮಾತಾಗಿತ್ತು, ನಿಜವೂ ಆಗಿತ್ತು. ಅವರಿಗೆ ಮುಟ್ಟಲಿಲ್ಲ. ಸಂಜೆ ನನ್ನ ಗಂಡ ಬಂದು ವಿಷಯ ಕೇಳಿ ತಲೆ ಕೆರೆದುಕೊಂಡು, "ಹೋಗಲಿ ಬಿಡಮ್ಮ, ಇವಳಿಗೆ ಹುಷಾರಾಯ್ತಲ್ಲ. ಬಟಾಣಿಯೂ ಅನ್ನ ತಿಂದು ಗುಂಡಗಾಗಿದ್ದಾಳೆ," ಎಂದರು.

"ನೀನು ಸುಮ್ನಿರೋ," ಎಂದರು ಅತ್ತೆ. ಗದರಲಿಲ್ಲ. ಅವರು ಗದರದೆ ಇದ್ದದ್ದಕ್ಕೆ ನನ್ನ ಗಂಡ ನಿಜವಾಗಿಯೂ ಸುಮ್ಮನಾದರು.

ಅಂದಿನಿಂದ ಅತ್ತೆ ಬಟಾಣಿಯನ್ನು ತಮ್ಮಿಂದ ಬಿಡಿಸತೊಡಗಿದರು. ಅವಳು ಕೈ ಚಾಚಿದರೆ "ಅಮ್ಮನ ಹತ್ರ ಹೋಗು" ಎಂದು ಮುಖ ತಿರುಗಿಸುವರು. ಹಾಸಿಗೆಯನ್ನು ಮುಂದಿನ ಕೋಣೆಗೆ ಎಳೆದುಕೊಂಡು ಹೋದರು. ಬೇಡ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಡಾಕ್ಟರಮ್ಮನ ಫೋನು ಯಾವಾಗ ಬರುತ್ತದೆಂದು ನನಗಿಂತ ಹೆಚ್ಚು ಕಾದವರು ಅವರು.

ಫೋನು ಬಂತು. ಮಧ್ಯಾಹ್ನ ನನ್ನ ಊಟವಾದ ಮೇಲೆ ಅತ್ತೆ ಬಟಾಣಿಯ ಮುಖ ತೊಳೆಸಿ, ತಂದು ನನ್ನ ಮಡಿಲಿಗೆ ಹಾಕಿದರು. ಲೋಟವನ್ನು ತಾವು ಎತ್ತಿಕೊಂಡರು. "ಹಸಿದಿದ್ದಾಳೆ. ಈಗ ಕೊಡು," ಎಂದು ನಡುವಿನ ಬಾಗಿಲು ಹಾಕಿಕೊಂಡು ಹೊರಗೆ ಹೋದರು. ಚಿಲಕದ ಸದ್ದು ಕೇಳಿಸಿತು.

ನಾನು ಗುಂಡಿ ಬಿಚ್ಚಿದೆ. ಅವಳನ್ನು ಹಳೆಯ ಹಾಗೆಯೇ ಎಡತೋಳಿನ ಮೇಲೆ ಮಲಗಿಸಿಕೊಂಡೆ. ಆ ತೋಳಿಗೆ ಅವಳು ಈಗ ಉದ್ದವಾಗಿದ್ದಳು, ಕಾಲು ಹೊರಗೆ ಇಳಿಬಿದ್ದವು. ಅವಳು ನನ್ನ ಮುಖ ನೋಡಿದಳು, ಎದೆ ನೋಡಿದಳು. ಒಂದು ಬೆರಳು ತಂದು ಕರೆಗಂಟೆ ಒತ್ತುವ ಹಾಗೆ ಒತ್ತಿದಳು. ನಾನೇನಾದರೂ ಸದ್ದು ಮಾಡುತ್ತೇನೆಯೇ ಎಂದು ಕಾದಳು. ಮತ್ತೆ ಒತ್ತಿ ಕಿಲಕಿಲ ನಕ್ಕಳು. ಆಟವೆಂದುಕೊಂಡಿದ್ದಳು. ಬಾಯಿಯ ಹತ್ತಿರಕ್ಕೆ ತಂದೆ. ತುಟಿ ಬಿಗಿದು ಮುಖ ಆಚೆ ತಿರುಗಿಸಿದಳು. ಬೇಸರದಿಂದಲ್ಲ, ಲೋಟ ಎಲ್ಲಿ ಎಂದು ಹುಡುಕಲು.

ಅವಳ ಕೈ ನನ್ನ ಮೊಣಕೈಗೆ ತಾಗಿತು. ಬೆರಳುಗಳು ಅಲ್ಲಿ ಒಂದು ಸಲ ಹುಡುಕಾಡಿದವು. ಚರ್ಮ ನುಣ್ಣಗಿತ್ತು. ಸವರಲು ಏನೂ ಇರಲಿಲ್ಲ. ಕೈ ಹಿಂದಕ್ಕೆ ಹೋಯಿತು.

ಆಮೇಲೆ ಬಾಗಿಲಿನ ಕಡೆ ತಿರುಗಿ "ಅಜ್ಜೀ" ಎಂದಳು. ಅವಳಿಗೆ ಬರುತ್ತಿದ್ದ ಎರಡು ಮೂರು ಮಾತುಗಳಲ್ಲಿ ಅದೂ ಒಂದು. ಮತ್ತೆ ಕರೆದಳು, ಈ ಸಲ ಅಳು ಬೆರೆಸಿ.

"ಅತ್ತೆ," ಎಂದೆ ನಾನು. "ಬಾಗಿಲು ತೆಗೀರಿ. ಕರೀತಿದ್ದಾಳೆ."

ಆಚೆ ಬದಿಯಲ್ಲಿ ಮೆಷಿನ್ ಓಡತೊಡಗಿತು, ಜೋರಾಗಿ, ನಿಲ್ಲದೆ. ಬಟ್ಟೆಯಿಲ್ಲದ, ದಾರವಿಲ್ಲದ ಗಲಗಲ ಸದ್ದು.